ಅಂಚೆ ಹರಿಕಾರರು
ಮೈಸೂರು ಅರಸರ ನಿರೂಪಗಳನ್ನೂ ರಾಜ್ಯದ ವಾರ್ತೆಗಳನ್ನೂ ಠಾಣೆಯಿಂದ ಠಾಣೆಗೆ ಕಾಲ್ನಡಿಗೆಯಲ್ಲಿ ಒಯ್ಯುತ್ತಿದ್ದ ರಾಜದೂತರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ರೂಪುಗೊಂಡ ಈ ವ್ಯವಸ್ಥೆಯು, ಓಲೆಗಳನ್ನು ಮುಟ್ಟಿಸುವುದಕ್ಕಿಂತಲೂ ಸುದ್ದಿಯನ್ನು ಸಂಗ್ರಹಿಸುವುದರಲ್ಲಿಯೇ ಹೆಚ್ಚಿನ ಸಾಮರ್ಥ್ಯವನ್ನು ಮೆರೆಯಿತೆನ್ನಬೇಕು. ಏಕೆಂದರೆ, ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ನಿರೂಪಿಸಿರುವಂತೆ, ಅಂಚೆಯ ಮುಖ್ಯಸ್ಥರು ಆಸ್ಥಾನದ ಆಪ್ತರೂ, ಅವರ ಕೈಕೆಳಗಿನವರು ತಂತಮ್ಮ ಸೀಮೆಯ ಗುಟ್ಟುಗಳನ್ನು ನಿಯತವಾಗಿ ಅರಿಕೆಮಾಡುವ ಗೂಢಚಾರರೂ ಆಗಿದ್ದರು. ಸ್ಕಾಟ್ಲೆಂಡಿನಲ್ಲಿ ಲಯನ್ ಎಂಬ ಲಾಂಛನಾಧಿಪತಿಯ ಅಧೀನದ ದೂತರು ದೊರೆಯ ಚಿಹ್ನೆಯನ್ನು ಧರಿಸಿ ಬಹಿರಂಗವಾಗಿ ಸಂಚರಿಸುತ್ತಿದ್ದರೆ, ಇಲ್ಲಿ ಬಿರುದಾವಳಿಯನ್ನು ಸಾರುವ ವೈಭವವು ವಂದಿಮಾಗಧರ ಪಾಲಿನದಾಗಿತ್ತು. ಹರಿಕಾರನಿಗೆ ದಕ್ಕಿದ್ದು ದಾರಿಯ ಧೂಳು ಮಾತ್ರ. ಪೂರ್ಣಯ್ಯನವರ ದಿವಾನಗಿರಿಯನ್ನೂ ದಾಟಿ ಉಳಿದುಬಂದ ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ವಿಲೀನವಾಯಿತು.