ಟ್ರ್ಯಾಕ್ಟರ್ ಟ್ರೇಲರ್‌ಗೆ ಎಲ್‌ಇಡಿ ಹಿಂದೀಪ: ಅಳವಡಿಕೆ ಏಕೆ, ಹೇಗೆ?

ನಂದಗುಡಿ: ಎತ್ತಿನ ಗಾಡಿಯಲ್ಲಿ ರಾತ್ರಿ ಸಂತೆಗೆ ಹೊರಡುವ ರೈತ ಗಾಡಿಯ ಅಡಿಯಲ್ಲಿ ಲಾಟೀನೊಂದನ್ನು ತೂಗುಹಾಕುತ್ತಿದ್ದ. ದಾರಿ ಬಲ್ಲ ಎತ್ತುಗಳಿಗೆ ಆ ಬೆಳಕು ಅಷ್ಟಾಗಿ ಬೇಕಿರಲಿಲ್ಲ. ಗಾಡಿ ಇಲ್ಲಿದೆ ಎಂಬುದು ಉಳಿದವರಿಗೆ ತಿಳಿಯಲೆಂದೇ ಅದು ಉರಿಯುತ್ತಿತ್ತು. ಇಂದು ಗಾಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಅದರ ಮುಂದೆ ಪ್ರಖರ ದೀಪಗಳಿವೆ, ಮಡ್‌ಗಾರ್ಡ್ ಸುತ್ತ ಬಣ್ಣಬಣ್ಣದ ಸರದೀಪಗಳೂ ಇರುತ್ತವೆ. ಆದರೆ ಹಿಂದೆ ಬರುವ ಟ್ರೇಲರ್‌ನ ಬೆನ್ನು ಬಹುತೇಕ ಕತ್ತಲಲ್ಲೇ ಉಳಿದಿರುತ್ತದೆ.

ಹೊಸಕೋಟೆ ತಾಲ್ಲೂಕಿಗೆ ಸೇರಿದ ನಂದಗುಡಿ ಹೋಬಳಿಯಂತಹ ಪ್ರದೇಶಗಳಲ್ಲಿ ಈ ಕೊರತೆ ಕೇವಲ ರೈತರ ಸಮಸ್ಯೆಯಲ್ಲ. ರಾಗಿ ಹುಲ್ಲು, ತರಕಾರಿ, ನೀಲಗಿರಿ ಕಟ್ಟಿಗೆ ಹೇರಿಕೊಂಡ ಟ್ರೇಲರ್‌ಗಳು ಸಂಚರಿಸುವ ರಸ್ತೆಗಳಲ್ಲೇ ಬೆಂಗಳೂರಿನ ಕಾರು, ಬಸ್ಸು, ಬೈಕುಗಳೂ ಓಡುತ್ತವೆ. ಗಂಟೆಗೆ 20 ಕಿಲೋಮೀಟರ್ ವೇಗದ ವಾಹನವೂ 80 ಕಿಲೋಮೀಟರ್ ವೇಗದ ವಾಹನವೂ ಒಂದೇ ರಸ್ತೆಯನ್ನು ಹಂಚಿಕೊಂಡಾಗ, ನಿಧಾನವಾದದ್ದು ಕಾಣಿಸದಿದ್ದರೆ ಅನಾಹುತ ನಿಶ್ಚಿತ.

ಕೇಂದ್ರ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ಸಂಭವಿಸಿದ ಅಪಘಾತಗಳ ಪೈಕಿ ಶೇ 21.4ರಷ್ಟು ಹಿಂದಿನಿಂದ ಬಂದು ಡಿಕ್ಕಿ ಹೊಡೆದವು. ಅದೇ ವರ್ಷ ರಸ್ತೆಯಲ್ಲಿ ಮೃತಪಟ್ಟವರ ಪೈಕಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನ ಸವಾರರು. ಇವೆಲ್ಲವೂ ಟ್ರೇಲರ್‌ಗಳಿಂದಾದ ಅಪಘಾತಗಳಲ್ಲ. ಆದರೆ ಮಂದದೀಪದ ಬೈಕಿನಲ್ಲಿ ಬರುವ ಸವಾರನಿಗೆ ದೀಪವಿಲ್ಲದ ಟ್ರೇಲರ್ ಎಷ್ಟು ಅಪಾಯಕಾರಿ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಸೆಕೆಂಡುಗಳ ಲೆಕ್ಕ

80 ಕಿ.ಮೀ. ವೇಗದಲ್ಲಿರುವ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಅಡ್ಡಿಯನ್ನು ಕಂಡು ಚಾಲಕ ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದರೆ 33 ಮೀಟರ್ ದಾಟಿರುತ್ತದೆ. ಒಣ ರಸ್ತೆಯಲ್ಲಿ ವಾಹನ ಪೂರ್ತಿ ನಿಲ್ಲಲು ಮತ್ತೆ ಸುಮಾರು 40 ಮೀಟರ್ ಬೇಕು. ಮುಂದೆ 20 ಕಿ.ಮೀ. ವೇಗದಲ್ಲಿ ಚಲಿಸುವ ಟ್ರೇಲರ್ ಇದ್ದರೆ, ಇಬ್ಬರ ನಡುವಿನ ಅಂತರ ಸೆಕೆಂಡಿಗೆ ಸುಮಾರು 17 ಮೀಟರ್‌ನಂತೆ ಕುಗ್ಗುತ್ತದೆ. ಟ್ರೇಲರ್ 40 ಮೀಟರ್ ದೂರದಲ್ಲಿ ಮಾತ್ರ ಕಂಡರೆ ಉಳಿಯುವ ಕಾಲ ಎರಡೂವರೆ ಸೆಕೆಂಡಿಗೂ ಕಡಿಮೆ. 155 ಮೀಟರ್ ದೂರದಿಂದಲೇ ಕೆಂಪು ದೀಪ ಕಂಡರೆ ಒಂಬತ್ತು ಸೆಕೆಂಡು ದೊರೆಯುತ್ತವೆ. ಈ ಆರೂವರೆ ಸೆಕೆಂಡುಗಳ ಅಂತರವೇ ಜೀವ ಉಳಿಸುವಂಥದ್ದು.

ಕಾನೂನು ಏನು ಹೇಳುತ್ತದೆ?

155 ಮೀಟರ್ ಎಂಬುದು ಕಾನೂನಿನದೇ ಅಳತೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೇ ನಿಯಮದ ಪ್ರಕಾರ ವಾಹನದ ಹಿಂಬದಿಯ ಕೆಂಪು ದೀಪಗಳು ಅಷ್ಟು ದೂರದಿಂದ ಕಾಣಬೇಕು. ನೋಂದಣಿ ಫಲಕದ ಬಿಳಿ ದೀಪದ ಬೆಳಕಿನಲ್ಲಿ ಸಂಖ್ಯೆಯನ್ನು 15 ಮೀಟರ್ ದೂರದಿಂದ ಓದಲು ಆಗಬೇಕು. ಸೂರ್ಯಾಸ್ತವಾದ ಅರ್ಧ ಗಂಟೆಯ ಬಳಿಕ ಹಾಗೂ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನವರೆಗೆ ಮಾತ್ರವಲ್ಲ, ಬೆಳಕು ಸಾಲದ ಯಾವುದೇ ವೇಳೆಯಲ್ಲೂ ದೀಪ ಉರಿಯಬೇಕು. ಡಿಸೆಂಬರ್, ಜನವರಿಯ ಮಂಜು ಮುಸುಕಿದ ಮುಂಜಾವಿಗೂ ಇದು ಅನ್ವಯಿಸುತ್ತದೆ.

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್‌ಗೆ ಪ್ರತ್ಯೇಕ ವ್ಯಾಖ್ಯೆಯೇ ಇದೆ. ಮೋಟಾರು ವಾಹನ ಎಳೆದೊಯ್ಯುವ ವಾಹನ ಅದು. ಹೀಗಾಗಿ ಟ್ರ್ಯಾಕ್ಟರ್‌ನ ದೀಪ ಉರಿದರೆ ಸಾಕು, ಟ್ರೇಲರ್‌ಗೆ ಬೇಕಿಲ್ಲ ಎಂಬ ವಾದ ನಿಲ್ಲದು. ಟ್ರ್ಯಾಕ್ಟರ್‌ನ ಹಿಂದೀಪವನ್ನು ಟ್ರೇಲರ್ ಸಂಪೂರ್ಣ ಮರೆಮಾಡುತ್ತದೆ ಎಂಬುದು ಕಣ್ಣಿಗೇ ಕಾಣುವ ಸಂಗತಿ. ಪ್ರವಾಸಕ್ಕೆಂದು ಕಾರಿನ ಹಿಂದೆ ಎಳೆದೊಯ್ಯುವ ವಾಸದ ಟ್ರೇಲರ್‌ಗೂ ಇದೇ ತತ್ವ ಅನ್ವಯವಾಗುತ್ತದೆ.

ಎಲ್‌ಇಡಿಯ ಅನುಕೂಲ

ಕೆಂಪು ಬೆಳಕು ಬೀರುವ ಎಲ್‌ಇಡಿಯನ್ನು ಅಮೆರಿಕದ ವಿಜ್ಞಾನಿ ನಿಕ್ ಹೊಲೊನ್ಯಾಕ್ 1962ರಲ್ಲಿ ರೂಪಿಸಿದರು. ಬಿಳಿ ಬೆಳಕಿಗೆ ದಾರಿ ಮಾಡಿಕೊಟ್ಟ ನೀಲಿ ಎಲ್‌ಇಡಿಗಾಗಿ ಜಪಾನ್ ಮೂಲದ ಮೂವರು ವಿಜ್ಞಾನಿಗಳು 2014ರ ಭೌತವಿಜ್ಞಾನ ನೊಬೆಲ್ ಪಡೆದರು. ಹಿಂದೀಪಕ್ಕೆ ಬೇಕಾದದ್ದು ಮೊದಲು ಬಂದ ಕೆಂಪು ಎಲ್‌ಇಡಿ.

ಟ್ರೇಲರ್‌ಗೆ ಇದು ಹೊಂದುವುದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ಒಡೆಯಬಲ್ಲ ತೆಳು ತಂತಿ ಇದರಲ್ಲಿಲ್ಲ. ಹೊಲದ ದಾರಿಯ ಕುಲುಕಾಟದಲ್ಲಿ ಬಲ್ಬಿನ ತಂತಿ ಬೇಗ ಕಡಿಯುತ್ತದೆ. ಎರಡನೆಯದು, ಬ್ರೇಕ್ ಒತ್ತಿದೊಡನೆ ಎಲ್‌ಇಡಿ ಪೂರ್ಣ ಬೆಳಗುತ್ತದೆ, ಹಳೆಯ ಬಲ್ಬಿಗೆ ಸುಮಾರು ಐದನೇ ಒಂದು ಸೆಕೆಂಡು ಬೇಕು. 80 ಕಿ.ಮೀ. ವೇಗದಲ್ಲಿ ಅಷ್ಟು ಹೊತ್ತಿನಲ್ಲಿ ಹಿಂದಿನ ಕಾರು ನಾಲ್ಕು ಮೀಟರ್‌ಗೂ ಹೆಚ್ಚು ಮುಂದೆ ಬಂದಿರುತ್ತದೆ. ಮೂರನೆಯದು, ವಿದ್ಯುತ್ ಉಳಿತಾಯ. ಬ್ರೇಕ್ ಬಲ್ಬ್ 21 ವಾಟ್ ಕೇಳಿದರೆ ಎಲ್‌ಇಡಿಗೆ ಕೆಲವೇ ವಾಟ್ ಸಾಕು. ಬ್ಯಾಟರಿಯಿಂದ ಟ್ರೇಲರ್ ಹಿಂಬದಿಗೆ 8 ಮೀಟರ್ ದೂರವಿದ್ದು, 1 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದಿದ್ದರೆ, ಎರಡು ಬಲ್ಬುಗಳಿಗೆ ಹೋಗಿಬರುವ ದಾರಿಯಲ್ಲೇ ಹತ್ತಿರ ಹತ್ತಿರ 1 ವೋಲ್ಟ್ ನಷ್ಟವಾಗುತ್ತದೆ. 4 ವಾಟ್‌ನ ಎರಡು ಎಲ್‌ಇಡಿಗಳಿಗೆ ಆಗುವ ನಷ್ಟ ಸುಮಾರು 0.2 ವೋಲ್ಟ್ ಮಾತ್ರ.

ದೀಪದ ಆಯ್ಕೆ

ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಎಲ್‌ಇಡಿ ಪಟ್ಟಿ ಅಲಂಕಾರಕ್ಕೆ ಸರಿ, ಹಿಂದೀಪಕ್ಕೆ ಸಲ್ಲದು. ಟ್ರ್ಯಾಕ್ಟರ್‌ನ ವಿದ್ಯುತ್ ವ್ಯವಸ್ಥೆ 12 ವೋಲ್ಟ್ ಎನ್ನಿಸಿಕೊಂಡರೂ ಎಂಜಿನ್ ಓಡುವಾಗ 14 ವೋಲ್ಟ್ ಮೀರುತ್ತದೆ. ಅಗ್ಗದ ಪಟ್ಟಿಯಲ್ಲಿ ಇದನ್ನು ತಡೆಯುವ ಸರ್ಕೀಟ್ ಇರುವುದಿಲ್ಲ. ಹೆಚ್ಚಿದ ವಿದ್ಯುತ್ತಿಗೆ ಅದು ಬಿಸಿಯಾಗಿ ಸುಟ್ಟುಹೋಗುತ್ತದೆ. 10ರಿಂದ 30 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆಂದು ನಮೂದಿಸಿರುವ, ಒಳಗೇ ನಿಯಂತ್ರಕ ಇರುವ ದೀಪವನ್ನೇ ಕೊಳ್ಳಬೇಕು.

ಐಪಿ 67 ಎಂಬ ಗುರುತು ಇದ್ದರೆ ದೂಳು ಒಳಗೆ ಹೋಗದು. ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ದೀಪ ಕೆಡದು ಎಂದರ್ಥ. ಕೆರೆ ಕಾಲುವೆ ದಾಟುವ ಟ್ರೇಲರ್‌ಗೆ ಇದು ಅಗತ್ಯ. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕುವ ಪರಿಪಾಟವೂ ಸರಿಯಲ್ಲ. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಗಾಢ ಕೆಂಪಿನ ಪಾಲು ಕಡಿಮೆ, ಹೀಗಾಗಿ ಹೊರಗೆ ಬರುವ ಬೆಳಕು ಮಂಕಾಗುತ್ತದೆ. ಕೆಂಪು ಗಾಜಿಗೆ ಕೆಂಪು ಎಲ್‌ಇಡಿಯೇ ಬೇಕು.

ಎಲ್ಲಿ ಕೂರಿಸಬೇಕು?

ದೀಪಗಳು ಟ್ರೇಲರ್‌ನ ನಡುಭಾಗದಲ್ಲಿರದೆ ಎರಡು ತುದಿಗಳಲ್ಲಿರಬೇಕು. ಹೊರ ಅಂಚಿನಿಂದ 40 ಸೆಂಟಿಮೀಟರ್ ಒಳಗೆ, ನೆಲದಿಂದ 35 ಸೆಂಟಿಮೀಟರ್‌ಗೆ ಕಡಿಮೆಯಿಲ್ಲದಂತೆ, ಒಂದೂವರೆ ಮೀಟರ್ ಮೀರದಂತೆ ಇರಿಸುವುದು ವಾಹನಗಳ ಅಂತರರಾಷ್ಟ್ರೀಯ ಪದ್ಧತಿ. ದೀಪಗಳ ನಡುವಿನ ಅಂತರವೇ ವಾಹನದ ಅಗಲವನ್ನು ಹಿಂದಿನವನಿಗೆ ತಿಳಿಸುತ್ತದೆ. ಒಂದೇ ದೀಪ ಉರಿದರೆ ಅದನ್ನು ಬೈಕ್ ಎಂದು ಭಾವಿಸಿ ಪಕ್ಕದಲ್ಲಿ ನುಗ್ಗುವ ಅಪಾಯವಿದೆ.

ಹಿಂಬಾಗಿಲಿನ ಮೇಲೆ ದೀಪ ಕೂರಿಸಿದರೆ ಬಾಗಿಲು ಬಿಚ್ಚಿ ಇಳಿಬಿಟ್ಟಾಗ ಅದು ನೆಲದತ್ತ ತಿರುಗುತ್ತದೆ. ರಾಗಿ ಹುಲ್ಲಿನ ಹೊರೆ ಬದಿಗಳಿಂದ ಇಳಿಬಿದ್ದಾಗ ಮುಚ್ಚಿಹೋಗುತ್ತದೆ. ಆದ್ದರಿಂದ ಚಾಸಿಯ ಹಿಂತುದಿಗೆ, ಹಲಗೆಯ ಕೆಳಗೆ, ಕಬ್ಬಿಣದ ಪಟ್ಟಿ ಬೆಸೆದು ಅದರ ಮೇಲೆ ದೀಪ ಬಿಗಿಯುವುದು ಉತ್ತಮ. ಕಲ್ಲು ತಾಗದಂತೆ ಸುತ್ತ ಕಂಬಿಯ ಕಾವಲು ಇರಲಿ. ಬೆಸುಗೆ ಕೆಲಸವೆಲ್ಲ ಮುಗಿದ ಮೇಲೆಯೇ ದೀಪ, ತಂತಿ ಜೋಡಿಸಬೇಕು. ಬೆಸುಗೆಯ ವಿದ್ಯುತ್ ಎಲ್‌ಇಡಿಯನ್ನು ಕೆಡಿಸಬಲ್ಲದು.

ಏಳು ಪಿನ್ನಿನ ಜೋಡಣೆ

ಹಲವು ಟ್ರ್ಯಾಕ್ಟರ್‌ಗಳ ಹಿಂಬದಿಯಲ್ಲಿ ಏಳು ಪಿನ್ನಿನ ಸಾಕೆಟ್ ಇರುತ್ತದೆ. ಐಎಸ್‌ಒ 1724 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಅದರ ಪಿನ್ನುಗಳ ಕೆಲಸ ಹೀಗಿದೆ: 1ನೆಯದು ಎಡ ಇಂಡಿಕೇಟರ್, 2ನೆಯದು ಹಿಂಬದಿಯ ಮಂಜುದೀಪ, 3ನೆಯದು ಅರ್ಥಿಂಗ್, 4ನೆಯದು ಬಲ ಇಂಡಿಕೇಟರ್, 5ನೆಯದು ಬಲ ಹಿಂದೀಪ, 6ನೆಯದು ಬ್ರೇಕ್ ದೀಪ, 7ನೆಯದು ಎಡ ಹಿಂದೀಪ. ಸ್ಥಳೀಯವಾಗಿ ಬದಲಿಸಿದ ವೈರಿಂಗ್‌ನಲ್ಲಿ ಈ ಕ್ರಮ ತಪ್ಪಿರಬಹುದಾದ್ದರಿಂದ ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ಪಿನ್ ಪರೀಕ್ಷಿಸಿ ಮುಂದುವರಿಯಬೇಕು.

ಟ್ರೇಲರ್ ದೀಪ ಕೈಕೊಡುವುದಕ್ಕೆ ಬಹುಪಾಲು ಕಾರಣ ದೀಪವಲ್ಲ, ಅರ್ಥಿಂಗ್. ಟ್ರ್ಯಾಕ್ಟರ್‌ಗೂ ಟ್ರೇಲರ್‌ಗೂ ನಡುವಿನ ಕಬ್ಬಿಣದ ಪಿನ್ನನ್ನೇ ಅರ್ಥಿಂಗ್ ದಾರಿಯೆಂದು ನಂಬಿ ಒಂದು ತಂತಿ ಉಳಿಸುವವರಿದ್ದಾರೆ. ತುಕ್ಕು, ಗ್ರೀಸ್, ಬಣ್ಣ ಸೇರಿದ ಆ ಪಿನ್ ಟ್ರೇಲರ್ ಕುಲುಕಿದಂತೆಲ್ಲ ಸಂಪರ್ಕ ಕಳೆದುಕೊಂಡು ದೀಪ ಮಿಣುಕುತ್ತದೆ. 3ನೇ ಪಿನ್ನಿನಿಂದ ಪ್ರತಿ ದೀಪದವರೆಗೂ ಪ್ರತ್ಯೇಕ ಅರ್ಥಿಂಗ್ ತಂತಿ ಎಳೆಯಲೇಬೇಕು.

ಏಳು ಎಳೆಯ ಕೇಬಲ್ಲನ್ನು ಮೂಕಿಯಿಂದ ಹಿಂದಿನವರೆಗೆ ಕೊಳವೆಯೊಳಗೆ ಸಾಗಿಸಿ, ಕಬ್ಬಿಣದ ತೂತು ದಾಟುವೆಡೆ ರಬ್ಬರ್ ಬಳೆ ತೊಡಿಸಬೇಕು. ತಿರುವಿನಲ್ಲಿ ಎಳೆಯದಷ್ಟು, ನೆಲಕ್ಕೆ ತಾಗದಷ್ಟು ಸಡಿಲ ಬಿಡಬೇಕು. ಮೇಲೆತ್ತಿ ಸುರಿಯುವ ಟ್ರೇಲರ್ ಆಗಿದ್ದರೆ ತಂತಿ ಚಾಸಿಯಲ್ಲೇ ಉಳಿಯಬೇಕು. ತಂತಿಗಳನ್ನು ಹೊಸೆದು ಟೇಪ್ ಸುತ್ತುವ ಬದಲು ಬೆಸೆದು ನೀರು ಹೋಗದ ಪೆಟ್ಟಿಗೆಯಲ್ಲಿ ಜೋಡಿಸುವುದು ಬಾಳಿಕೆಗೆ ಒಳ್ಳೆಯದು. ಸಾಕೆಟ್ ಇಲ್ಲದ ಹಳೆಯ ಟ್ರ್ಯಾಕ್ಟರ್‌ನಲ್ಲಿ ಬ್ಯಾಟರಿಯಿಂದ ಹೊಸ ತಂತಿ ಎಳೆಯುವುದಾದರೆ ಬ್ಯಾಟರಿಗೆ ಹತ್ತಿರದಲ್ಲೇ ಫ್ಯೂಸ್ ಇರಬೇಕು.

ಬಲ್ಬ್ ತೆಗೆದು ಎಲ್‌ಇಡಿ ಹಾಕಿದ ಮೇಲೆ ಇಂಡಿಕೇಟರ್ ಅತಿವೇಗವಾಗಿ ಮಿನುಗುವುದು ಅಥವಾ ಮಿನುಗದೆ ನಿಂತೇಬಿಡುವುದು ಸಾಮಾನ್ಯ ದೂರು. ಬಲ್ಬಿನ ಹೆಚ್ಚಿನ ವಿದ್ಯುತ್ತಿಗೆ ಹೊಂದಿಸಿದ ಫ್ಲ್ಯಾಷರ್ ಎಲ್‌ಇಡಿಯ ಅಲ್ಪ ಬಳಕೆಯನ್ನು ಬಲ್ಬ್ ಸುಟ್ಟಂತೆ ತಿಳಿಯುವುದೇ ಇದಕ್ಕೆ ಕಾರಣ. ಎಲ್‌ಇಡಿಗೆ ಹೊಂದುವ ಫ್ಲ್ಯಾಷರ್ ಹಾಕಿದರೆ ಸಮಸ್ಯೆ ನೀಗುತ್ತದೆ.

ವಿದ್ಯುತ್ ಬೇಡದ ಬೆಳಕು

ಟ್ರ್ಯಾಕ್ಟರ್ ಕಳಚಿಕೊಂಡು ಹೋದ ಮೇಲೆ ರಸ್ತೆಬದಿಯಲ್ಲಿ ಉಳಿದ ಟ್ರೇಲರ್‌ಗೆ ಬ್ಯಾಟರಿಯೇ ಇಲ್ಲ. ಎಷ್ಟೇ ಉತ್ತಮ ಎಲ್‌ಇಡಿ ಇದ್ದರೂ ಆಗ ಅದು ನಿರುಪಯುಕ್ತ. ಅಲ್ಲಿ ನೆರವಿಗೆ ಬರುವುದು ರಿಫ್ಲೆಕ್ಟರ್ ಮತ್ತು ಪ್ರತಿಫಲನ ಪಟ್ಟಿ: ಹಿಂದೆ ಕೆಂಪು, ಮುಂದೆ ಬಿಳಿ, ಬದಿಗೆ ಹಳದಿ. ಬಿದ್ದ ಬೆಳಕನ್ನು ಇದು ಬಂದ ದಿಕ್ಕಿಗೇ ಮರಳಿಸುವುದರಿಂದ ವಾಹನ ಚಾಲಕನ ಕಣ್ಣಿಗೆ ಹೊಳೆಯುತ್ತದೆ. ಹೊರೆಗೆ ಕಟ್ಟುವ ಕೆಂಪು ಬಟ್ಟೆ ಹಗಲಿಗೆ ಮಾತ್ರ ಸರಿ, ರಾತ್ರಿ ಅದು ಕಪ್ಪಾಗಿ ಕಾಣುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ ಭಾಗಗಳಲ್ಲಿ ಪೊಲೀಸರು ಟ್ರೇಲರ್‌ಗಳಿಗೆ ರಿಫ್ಲೆಕ್ಟರ್ ಅಂಟಿಸುವುದು ಇದೇ ಉದ್ದೇಶದಿಂದ. ಆದರೆ ಕೆಸರು ಮೆತ್ತಿದ ಪಟ್ಟಿ ಇದ್ದೂ ಇಲ್ಲದಂತೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಇದರ ನಿರ್ವಹಣೆ.

ಬೇಡವಾದ ಬೆಳಕು

ಬೆಳಕು ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆ ಸರಿಯಲ್ಲ. ವಾಹನದ ಮುಂದೆ ಕೆಂಪು ದೀಪ ಉರಿಯಕೂಡದು. ಹಿಂದೆ ಇಂಡಿಕೇಟರ್, ರಿವರ್ಸ್ ಹಾಗೂ ನೋಂದಣಿ ಫಲಕದ ದೀಪಗಳನ್ನು ಬಿಟ್ಟು ಕೆಂಪಲ್ಲದ ಬೆಳಕು ತೋರಕೂಡದು. ಹೊಲ ಉಳಲೆಂದು ಟ್ರ್ಯಾಕ್ಟರ್‌ನ ಹಿಂದೆ ಹಾಕಿದ ಬಿಳಿ ಕೆಲಸದ ದೀಪವನ್ನು ರಸ್ತೆಗಿಳಿದಾಗ ಆರಿಸದಿದ್ದರೆ ಹಿಂದಿನವರ ಕಣ್ಣು ಕುಕ್ಕುತ್ತದೆ. ಎದುರಿನಿಂದ ವಾಹನ ಬರುತ್ತಿದೆ ಎಂಬ ಭ್ರಮೆಯೂ ಹುಟ್ಟುತ್ತದೆ. ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ 2024ರ ಜುಲೈನಿಂದ ರಾಜ್ಯದ ಪೊಲೀಸರು ವಿಶೇಷ ಕಾರ್ಯಾಚರಣೆ ಕೈಗೊಂಡದ್ದನ್ನು ಇಲ್ಲಿ ಸ್ಮರಿಸಬಹುದು.

ಹೊರಡುವ ಮುನ್ನ

ಎಲ್ಲವನ್ನೂ ಅಳವಡಿಸಿದ ಮೇಲೆ ಕತ್ತಲಾದ ಬಳಿಕ ಸಾಮಾನು ಹೇರಿದ ಟ್ರೇಲರ್‌ನ ಹಿಂದೆ ನೂರೈವತ್ತು ಮೀಟರ್‌ನಷ್ಟು, ಅಂದರೆ ಸುಮಾರು ಇನ್ನೂರು ಹೆಜ್ಜೆ ನಡೆದು ಹೋಗಿ ತಿರುಗಿ ನೋಡಬೇಕು. ಟ್ರ್ಯಾಕ್ಟರ್ ಮೇಲಿರುವವರು ಹಿಂದೀಪ, ಬ್ರೇಕ್, ಎಡ, ಬಲ ಎಂದು ಒಂದೊಂದನ್ನೇ ಹಾಕಿ ತೋರಿಸಲಿ. ಎರಡೂ ಕೆಂಪು ದೀಪಗಳು ಬಿಡಿಬಿಡಿಯಾಗಿ ಕಂಡರೆ, ಬ್ರೇಕ್ ಒತ್ತಿದಾಗ ಹೊಳಪು ಹೆಚ್ಚಿದ್ದು ತಿಳಿದರೆ ಕೆಲಸ ಸರಿಯಾಗಿದೆ ಎಂದರ್ಥ. ಟ್ರೇಲರ್ ಬದಲಿಸಿದ ಪ್ರತಿ ಸಲ ಪ್ಲಗ್ ಚುಚ್ಚುವುದನ್ನು ಮರೆಯಬಾರದು. ಚುಚ್ಚದ ಪ್ಲಗ್‌ಗಿಂತ ಅಂದಿನ ಲಾಟೀನೇ ಮೇಲು.

ಹಿಂದೀಪದಿಂದ ಟ್ರ್ಯಾಕ್ಟರ್ ಚಾಲಕನಿಗೆ ದಾರಿ ಒಂದಿಷ್ಟೂ ಹೆಚ್ಚು ಕಾಣುವುದಿಲ್ಲ. ಅದು ಉರಿಯುತ್ತಿದೆಯೋ ಇಲ್ಲವೋ ಎಂಬುದು ಕೂಡ ಅವನಿಗೆ ಕೂತಲ್ಲಿಂದ ತಿಳಿಯದು. ಬಹುಶಃ ಅದಕ್ಕಾಗಿಯೇ ಅದು ಮೊದಲು ಮರೆತುಹೋಗುತ್ತದೆ. ಹಿಂದಿನಿಂದ ಬರುವ, ಹೆಸರೂ ಗೊತ್ತಿಲ್ಲದ ಒಬ್ಬ ಸವಾರ ಮನೆ ಸೇರಲೆಂದು ಹಚ್ಚಿಡುವ ದೀಪ ಅದು. ಟ್ರ್ಯಾಕ್ಟರ್ ಮೇಲೆ ಕುಳಿತವನೂ ಕ್ಷೇಮವಾಗಿ ಮನೆ ಸೇರುವುದು ಅದೇ ದೀಪದಿಂದ.