ಮೊಣಕಾಲ ನೋವು ಮತ್ತು ನಮ್ಮ ಊಟ

ವಾಚನಾಲಯದ ಪುಸ್ತಕಕ್ಕೆ ಊರಿನ ಇತಿಹಾಸದ ಮೇಲೆ ಏನಾದರೂ ಬರೀರಿ ಅಂತ ಶಾಲೆಯ ಮಾಸ್ತರರು ಹೇಳಿದಾಗ, ನಾನು ಜತ್ ಸಂಸ್ಥಾನದ ಡಫಳೆಯವರ ಮೇಲೆ ಬರೆಯೋಣ ಅಂತ ನೆಲದ ಮ್ಯಾಲೆ ಚಾಪೆ ಹಾಸಿ ಕುಂತೆ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಕನ್ನಡ ಮಾತಾಡುವ ನಾವು ಆ ಕಡೆ ಹೋಗದೆ ಈ ಕಡೆ ಉಳಿದೆವು. ಇಷ್ಟು ಬರೆದು ನೀರು ಕುಡಿಯಲಿಕ್ಕೆ ಏಳಬೇಕೆಂದರೆ ಏಳಲಿಕ್ಕೆ ಆಗಲಿಲ್ಲ. ಎರಡೂ ಮೊಣಕಾಲು ಹಿಡಿದುಬಿಟ್ಟಿದ್ದವು. ಮೊಮ್ಮಗಳು ಬಂದು ಕೈ ಹಿಡಿದು ಎಬ್ಬಿಸಿದಳು. ಸಂಸ್ಥಾನದ ಇತಿಹಾಸ ಬರೆಯುವವರು ಬೇರೆ ಇದ್ದಾರೆ, ನಾನು ಮೊಣಕಾಲಿನ ಇತಿಹಾಸ ಬರೆಯುತ್ತೇನೆ ಅಂತ ಅವತ್ತೇ ಠರಾಯಿಸಿದೆ.

ನಮ್ಮ ಕಡೆ ಕಟ್ಟೆ ಮ್ಯಾಲೆ ಕುಂತ ಹಿರಿಯರೆಲ್ಲ ಒಂದು ಮಾತು ಹೇಳತಾರ. ಹಿಂದಿನ ಮಂದಿ ಜ್ವಾಳದ ರೊಟ್ಟಿ, ಅಗಸಿ ಹಿಂಡಿ ಉಣ್ಣತಿದ್ರು, ಗಟ್ಟಿ ಇದ್ರು, ಅವರಿಗೆ ಮೊಣಕಾಲ ನೋವು ಅನ್ನೋದೇ ಗೊತ್ತಿರಲಿಲ್ಲ ಅಂತ. ನಾನೂ ಡೊಳ್ಳಿನ ಪದ ಹಾಡುವಾಗ ನಡುನಡುವೆ ಇದೇ ಮಾತು ಹೇಳಿ ಚಪ್ಪಾಳೆ ತಗೊಂಡವ. ಆದರೆ ಬರೆಯಲಿಕ್ಕೆ ಕುಂತರೆ ಮಾತನ್ನು ತೂಗಿ ನೋಡಬೇಕಾಗತದ. ಹಾಗೆ ತೂಗಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಅವ್ವ.

ನಾನು ಸಣ್ಣವ ಇದ್ದಾಗ ಊರಿಗೆ ಹಿಟ್ಟಿನ ಗಿರಣಿ ಇರಲಿಲ್ಲ. ಅವ್ವ ಕೋಳಿ ಕೂಗೋ ಹೊತ್ತಿಗೆ ಎದ್ದು ಬೀಸುಕಲ್ಲಿನ ಮುಂದೆ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ ಕುಂಡ್ರತಿದ್ದಳು. ಬೀಸಿದ ಮ್ಯಾಲೆ ಬಾವಿ ನೀರು. ಆಮೇಲೆ ಒಲಿ ಮುಂದೆ ಕುಂತು ಹತ್ತು ಮಂದಿಗೆ ರೊಟ್ಟಿ. ಅದು ಮುಗಿದ ಮ್ಯಾಲೆ ಹೊಲದಾಗ ತುದಿಗಾಲ ಮ್ಯಾಲೆ ಕುಂತು ದಿನವಿಡೀ ಕಳೆ ತೆಗೆಯೋದು. ಊಟ ಖರೆ ಛಲೋ ಇತ್ತು. ಮಾಲದಂಡಿ ಜೋಳದ ರೊಟ್ಟಿ. ಈ ಮಾಲದಂಡಿ ನಮ್ಮ ನೆರೆಯ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಆರಿಸಿ ಬೆಳೆಸಿದ ತಳಿ, ಈಗಲೂ ಹಿಂಗಾರಿಗೆ ನಾವು ಬಿತ್ತುವುದು ಅದನ್ನೇ. ರೊಟ್ಟಿ ಜೊತೆಗೆ ಗುರೆಳ್ಳ ಹಿಂಡಿ, ಹೊಲದಾಗಿನ ಪಲ್ಲೆ, ಮಜ್ಜಿಗೆ. ಅಷ್ಟೆಲ್ಲ ಇದ್ದೂ ಅವ್ವ ಐವತ್ತು ದಾಟುವುದರೊಳಗೆ ಹೊಸ್ತಿಲು ದಾಟುವಾಗ ಮೊಣಕಾಲ ಮ್ಯಾಲೆ ಕೈ ಊರತಿದ್ದಳು. ಯಾರಾದರೂ ಕೇಳಿದರೆ "ವಾಯು ಆಗೇದ" ಅನ್ನೋಳು. ರಾತ್ರಿ ಔಡಲ ಎಲೆ ಕಾಸಿ ಕಟ್ಟಿಕೊಳ್ಳೋಳು, ಲಕ್ಕಿ ಸೊಪ್ಪಿನ ನೀರು ಹಾಕಿಕೊಳ್ಳೋಳು, ಮುಂಜಾನೆ ಮತ್ತೆ ಬೀಸುಕಲ್ಲು.

ಅಂದರೆ ನೋವು ಇತ್ತು. ಲೆಕ್ಕಕ್ಕೆ ಹಿಡಿಯುವವರು ಇರಲಿಲ್ಲ. ನಾನು ಹಾಡಿಕೆಯವ, ಬೀಸುವ ಪದ ನೂರಾರು ಕೇಳೀನಿ, ಬರೆದೂ ಇಟ್ಟೀನಿ. ಅದರಾಗ ತವರುಮನಿ ಅದ, ಅಣ್ಣ ತಮ್ಮ ಅದಾರ, ಅತ್ತಿ ಬೈಗುಳ ಅದ. ನನ್ನ ವಹಿಯಾಗ ಇದ್ದ ಪದಗಳನ್ನೆಲ್ಲ ಈ ಲೇಖನಕ್ಕಾಗಿ ತಿರುಗಿ ನೋಡಿದೆ, ಮೊಣಕಾಲು ನೋಯುತದ ಅಂತ ಒಂದು ಪದದಾಗೂ ಸಿಗಲಿಲ್ಲ.

ಇನ್ನೊಂದು ಸಂಗತಿ. ಎಲುಬಿಗೆ, ಕೀಲಿಗೆ ಛಲೋ ಅನ್ನುವ ಪದಾರ್ಥ ನಮ್ಮ ಹಿರಿಯರಿಗೆ ಗೊತ್ತಿದ್ದವು. ಅಂಟಿನ ಉಂಡಿ, ಅಳವಿ ಪಾಯಸ, ಮೆಂತೆ ಉಂಡಿ, ಕೊಬ್ಬರಿ, ಉತ್ತತ್ತಿ. ಆದರೆ ತಿಂದವರು ಯಾರು? ಬಾಣಂತಿ, ಅದೂ ಒಂದು ತಿಂಗಳು. ಬೆಣ್ಣೆ ಕಾಸಿದ ತುಪ್ಪ ಸಂತೆಗೆ ಹೋಗತಿತ್ತು, ಮನಿಗೆ ಉಳಿಯೋದು ಮಜ್ಜಿಗೆ. ಎಳ್ಳಿನಲ್ಲಿ ಸುಣ್ಣದ ಅಂಶ ಹಾಲಿಗಿಂತ ಎಷ್ಟೋ ಪಟ್ಟು ಹೆಚ್ಚು, ನೂರು ಗ್ರಾಂಗೆ ಸಾವಿರ ಮಿಲಿಗ್ರಾಂ ದಾಟತದ ಅಂತ ಮೊಮ್ಮಗಳು ತನ್ನ ನರ್ಸಿಂಗ್ ಪುಸ್ತಕ ನೋಡಿ ಹೇಳಿದಳು. ನಾವು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಿಂದದ್ದು ವರ್ಷಕ್ಕೊಮ್ಮೆ, ಭೋಗಿ ದಿನ. ಮೊದಲು ಗಂಡಸರು ಉಂಡು, ಉಳಿದದ್ದು ಹೆಂಗಸರಿಗೆ.

1972ರ ಬರಗಾಲದ ಮಾತು ಬಿಟ್ಟು ನಮ್ಮ ಕಡೆ ಯಾವ ಇತಿಹಾಸವೂ ಮುಂದೆ ಸಾಗುವುದಿಲ್ಲ. ನಾನಾಗ ಹದಿಮೂರು ವರ್ಷದವ, ಏಳನೇತ್ತೆ ಮುಗಿದಿತ್ತು. ಶಾಲೆ ಅಲ್ಲಿಗೇ ನಿಂತಿತು. ಸರಕಾರ ಬರಗಾಲದ ಕೆಲಸ ತೆಗೆದಿತ್ತು. ಅದೇ ಕೆಲಸ ಮುಂದೆ ರೋಜಗಾರ ಹಮಿ ಯೋಜನೆ ಅಂತ ಬೆಳೆದು 1977ರಲ್ಲಿ ಮಹಾರಾಷ್ಟ್ರದಲ್ಲಿ ಕಾಯ್ದೆ ಆಯಿತು. ನಾನು, ಅವ್ವ, ಅಕ್ಕ ಮೂವರೂ ಖಡಿ ಒಡೆಯಲಿಕ್ಕೆ ಹೋದೆವು. ಬಿಸಿಲಾಗ ಕಾಲು ಮಡಚಿ ಕುಂತು, ಒಂದು ಕೈಯಾಗ ಕಲ್ಲು, ಒಂದು ಕೈಯಾಗ ಸುತ್ತಿಗೆ. ತೊಟ್ಟಿ ತುಂಬಿದಷ್ಟು ಕೂಲಿ. ಊಟಕ್ಕೆ ಅಮೇರಿಕಾದಿಂದ ಬಂದ ಕೆಂಪು ಜೋಳ, ಮಿಲೋ ಅಂತ ಕರೀತಿದ್ರು. ಅದರ ರೊಟ್ಟಿ ಬಡಿಯುವಾಗಲೇ ಹರಿಯೋದು. ಕೆಲಸದ ಜಾಗದಾಗ ಸುಕಡಿ ಅಂತ ಸಿಹಿ ಹಿಟ್ಟು ಕೊಡತಿದ್ರು. ಅದರ ರುಚಿ ನನ್ನ ವಯಸ್ಸಿನವರ ನಾಲಿಗೆ ಮ್ಯಾಲೆ ಇನ್ನೂ ಅದ. ಅವ್ವ ತನ್ನ ಪಾಲಿನ ಸುಕಡಿ ಸೆರಗಿನಾಗ ಕಟ್ಟಿಕೊಂಡು ಬಂದು ನಮಗೆ ಹಂಚೋಳು. ತಾನು ತಿಂದದ್ದು ನಾ ನೋಡಿಲ್ಲ.

ಆ ವರ್ಷದ ನಂತರ ಅವ್ವ ನೆಲಕ್ಕೆ ಕುಂತರೆ ಗ್ವಾಡಿ ಹಿಡಿದೇ ಏಳತಿದ್ದಳು. ಇದನ್ನೂ ಹಿಂದಿನವರ ಗಟ್ಟಿತನ ಅನ್ನಬೇಕೇನು?

ಈಗ ನನ್ನ ಕಥಿ. ನನ್ನ ಮೊಣಕಾಲು ಕೆಟ್ಟದ್ದು ಬರಗಾಲದಿಂದ ಅಲ್ಲ, ಸುಕಾಲದಿಂದ. ಬೋರ್ ಬಿತ್ತು, ದಾಳಿಂಬಿ ಹಚ್ಚಿದೆ, ಮೋಟಾರ್ ಸೈಕಲ್ ಬಂತು. ಮನಿಯಿಂದ ಹೊಲಕ್ಕೂ ಗಾಡಿ ಮ್ಯಾಲೇ ಹೋಗೋದು. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮ್ಯಾಲೆ ರೇಷನ್ ಅಂಗಡಿಯಾಗ ತಲೆಗೆ ಐದು ಕಿಲೋ ಧಾನ್ಯ. ನಮ್ಮ ಕಡೆ ಅಂದರೆ ಗೋಧಿ, ಅಕ್ಕಿ. ಬಡವರ ಹೊಟ್ಟೆ ತುಂಬಿತು, ಅದಕ್ಕೆ ನಾ ಹೆಸರಿಡುವುದಿಲ್ಲ. ಆದರೆ ನಮ್ಮ ತಾಟಿನಿಂದ ಜ್ವಾಳ ಸರಿದು ಚಪಾತಿ, ಅನ್ನ ಬಂದವು. ಹಾಡಿಕೆಗೆ ಹೋದಲ್ಲೆಲ್ಲ ಸಕ್ಕರಿ ಚಹಾ, ಹುಗ್ಗಿ, ಭಜಿ. ಅರವತ್ತಕ್ಕೆ ನನ್ನ ತೂಕ 84 ಕಿಲೋ. ರಾತ್ರಿಯಿಡೀ ನಿಂತು ಹಾಡಿ ಮುಂಜಾನೆ ಮನಿಗೆ ಬಂದರೆ ಮೊಣಕಾಲು ಕುಂಬಳಕಾಯಿ ಹಾಂಗ.

ಆವಾಗ ನಾನು ಪುಡಿ, ಗುಳಿಗಿ ಬೆನ್ನು ಹತ್ತಿದೆ. ಒಂದು ಸಂತ್ಯಾಗ ಒಬ್ಬ ಬಿಡಿ ಪುಡಿಕಿ ಕಟ್ಟಿ ಮಾರತಿದ್ದ, ಬರೇ ಗಿಡಮೂಲಿಕೆ ಅಂದ. ಮೂರನೇ ದಿನಕ್ಕೆ ನೋವು ಮಾಯ! ಒಂದು ಜಾತ್ರಿಯಾಗ ಕುಣಿದು ಹಾಡಿದೆ. ಕಂಡಕಂಡವರಿಗೆಲ್ಲ ಹೇಳಿದೆ, ಇಬ್ಬರಿಗೆ ನಾನೇ ತಂದುಕೊಟ್ಟೆ, ಆ ಪಾಪ ನನ್ನ ಮ್ಯಾಲೆ ಅದ. ನಾಲ್ಕು ತಿಂಗಳಿಗೆ ಮುಖ ಉಬ್ಬಿತು, ಸಕ್ಕರಿ ಬ್ಯಾನಿ ಇಲ್ಲದವನಿಗೆ ಸಕ್ಕರಿ ಏರಿತು. ಮಿರಜಿನ ಡಾಕ್ಟರರು ಪುಡಿಕಿ ನೋಡಿ, ಇದರಾಗ ಸ್ಟಿರಾಯ್ಡ್ ಬೆರೆಸಿರಬೇಕು ಅಂದರು. ಭಾಳ ದಿನ ತಗೊಂಡವರು ಅದನ್ನ ಒಮ್ಮೆಲೇ ನಿಲ್ಲಿಸಿದರೂ ಜೀವಕ್ಕೆ ಅಪಾಯ ಅಂತ ಹೇಳಿ, ಗುಳಿಗಿ ಕೊಟ್ಟು ಸಾವಕಾಶ ಇಳಿಸಿದರು. ನಾನು ಕೊಟ್ಟಿದ್ದ ಆ ಇಬ್ಬರನ್ನೂ ಮರುದಿನವೇ ಅವರ ಹತ್ತಿರ ಕರಕೊಂಡು ಹೋದೆ.

ಆಮೇಲೆ ಅಂಗಡಿಯ ಡಬ್ಬಿಗಳು. ಗ್ಲುಕೋಸಮೈನ್ ಅನ್ನುವುದನ್ನು ಆರು ತಿಂಗಳು ನುಂಗಿದೆ. ಅದನ್ನು ಹೆಚ್ಚಾಗಿ ಸೀಗಡಿ, ಏಡಿಯ ಚಿಪ್ಪಿನಿಂದ ತೆಗೀತಾರ ಅಂತ ತಿಳಿದ ದಿನ, ಲಿಂಗ ಕಟ್ಟಿದ ಮನಿಯಾಗ ಎಂಥಾ ಗದ್ದಲ ಆಯಿತು ಕೇಳಬ್ಯಾಡ್ರಿ. ಮೊಮ್ಮಗಳು ಇನ್ನೊಂದು ಸುದ್ದಿ ಓದಿ ಹೇಳಿದಳು. ಅಮೇರಿಕಾದಾಗ 1,583 ಮಂದಿ ಮೊಣಕಾಲ ನೋವಿನವರನ್ನು ಹಿಡಿದು ಈ ಔಷಧದ ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದರಂತೆ. ಕೆಲವರಿಗೆ ಖರೆ ಗುಳಿಗಿ, ಕೆಲವರಿಗೆ ಔಷಧವೇ ಇಲ್ಲದ ಖಾಲಿ ಗುಳಿಗಿ. ಖಾಲಿ ಗುಳಿಗಿ ನುಂಗಿದವರಲ್ಲೂ ನೂರಕ್ಕೆ ಅರವತ್ತು ಮಂದಿ ನೋವು ಕಡಿಮೆ ಆತು ಅಂದರು. ಎಲ್ಲರನ್ನೂ ಹಿಡಿದು ಲೆಕ್ಕ ಹಾಕಿದರೆ ಖರೆ ಗುಳಿಗಿ ಅದಕ್ಕಿಂತ ಹೇಳುವಷ್ಟು ಹೆಚ್ಚೇನೂ ಮಾಡಲಿಲ್ಲ. ನನ್ನ ಸಂತಿ ಪುಡಿಕಿಯ ಕಥಿ ಬೇರೆ, ಅದರಾಗ ಏನೋ ಇತ್ತು. ಆದರೆ ಈ ಡಬ್ಬಿಯಿಂದ ನನಗಾದ ಆರಾಮಿನಾಗ ಅರ್ಧ ನನ್ನ ನಂಬಿಕೀದೇ ಇರಬೇಕು.

ಅರಿಷಿಣದ ಗುಳಿಗಿಯೂ ತಂದೆ. ಇದು ನಗೆಪಾಟಲು. ನಮ್ಮದು ಸಾಂಗಲಿ ಜಿಲ್ಲೆ, ದೇಶಕ್ಕೆಲ್ಲ ಅರಿಷಿಣ ಮಾರುವ ಪೇಟೆ. ಹರಿಪುರದಾಗ ಕೃಷ್ಣಾ ದಂಡಿಗೆ ಅರಿಷಿಣ ಇಡುವ ನೆಲದ ಹಗೇವು ಇದ್ದವು, 2005ರ ಮಹಾಪೂರದಾಗ ಬಹಳಷ್ಟು ಹಾಳಾದವು. ಅಂಥಾ ಊರಿನವ ಅರಿಷಿಣವನ್ನು ಡಬ್ಬಿಯೊಳಗೆ ಕೊಂಡೆ. ಅಡಿಗಿ ಅರಿಷಿಣದಾಗ ಔಷಧಿ ಅನ್ನುವ ಸತ್ವ ಬಹಳ ಸಣ್ಣ ಪಾಲು ಅಂತ, ಗುಳಿಗಿಯಾಗ ಅದನ್ನು ಗಟ್ಟಿ ಮಾಡಿ ತುಂಬತಾರ. ಸ್ವಲ್ಪ ಹಗುರ ಅನಿಸಿತು, ಹಣಕ್ಕೆ ತಕ್ಕಷ್ಟು ಅನಿಸಲಿಲ್ಲ. ಸುಣ್ಣದ ಗುಳಿಗಿ ಎಲುಬಿಗೆ, ಸವೆದ ಕೀಲಿನ ಗಾದಿ ಅದರಿಂದ ತುಂಬುವುದಿಲ್ಲ ಅಂತ ಡಾಕ್ಟರರು ಬಿಡಿಸಿ ಹೇಳಿದರು.

ಅವತ್ತು ಅವರು ನನ್ನ ಫೋಟೋ ತೆಗೆಸಿದರು. ಜೋಡಿಗೆ ಬಂದಿದ್ದ ನಮ್ಮ ಮನಿಯಾಕಿ ಬಾಗಿಲ ಹತ್ತಿರ ಕುರ್ಚಿಯಿಂದ ಏಳುವುದನ್ನು ನೋಡಿ, "ಅಮ್ಮಾ, ನಿಮ್ಮದೂ ಒಂದು ತೆಗೀರಿ" ಅಂದರು. ಎರಡೂ ಫೋಟೋ ದೀಪದ ಮುಂದೆ ಹಿಡಿದು ತೋರಿಸಿದರು. ನನ್ನ ಕೀಲಿನಾಗ ಸಂದಿ ಇನ್ನೂ ಇತ್ತು. ಆಕಿದರಾಗ ಎಲುಬಿಗೆ ಎಲುಬು ಹತ್ತಿತ್ತು. ನಾ ಮೂರು ವರ್ಷ ಊರೆಲ್ಲ ಕೇಳುವಂಗ ಒದರಿದವ, ದುಡ್ಡು ಖರ್ಚು ಮಾಡಿದವ. ಆಕಿ ಒಂದು ದಿನ ಬಾಯಿ ಬಿಟ್ಟಿಲ್ಲ. ಯಾಕ ಹೇಳಲಿಲ್ಲ ಅಂತ ಕೇಳಿದೆ. "ವಾಯು ಆಗಿರಬೇಕು ಅಂತ ಸುಮ್ಮನಿದ್ದೆ" ಅಂದಳು. ಅವ್ವನ ಮಾತೇ.

ಬಸ್ಸಿನಾಗ ಬರುವಾಗ ಇಬ್ಬರೂ ಮಾತಾಡಲಿಲ್ಲ.

ಮರುವಾರ ಒಲಿ ಎತ್ತಿದೆ. ಗವಂಡಿ ಕರೆಸಿ ಸೊಂಟದೆತ್ತರಕ್ಕೆ ಕಟ್ಟೆ ಕಟ್ಟಿಸಿದೆ, ಆಕಿ ನಿಂತು ಇಲ್ಲವೆ ಎತ್ತರದ ಮಣಿ ಮ್ಯಾಲೆ ಕುಂತು ರೊಟ್ಟಿ ಮಾಡತಾಳ. ಪಾಯಖಾನಿಗೆ ಕುರ್ಚಿಯಂಥ ಕಮೋಡ ಕೂಡಿಸಿದೆ, ಊರವರು ನಕ್ಕರು. ಚಹಾದ ಸಕ್ಕರಿ ಬಿಟ್ಟೆವು, ರಾತ್ರಿ ಅನ್ನ ಬಿಟ್ಟು ಒಂದೂವರೆ ರೊಟ್ಟಿ, ಬ್ಯಾಳಿ, ಪಲ್ಲೆ. ಹಿಂಡಿ ಡಬ್ಬಿ ಮತ್ತೆ ತುಂಬಿತು, ಎಳ್ಳಿಗೆ ಭೋಗಿ ದಾರಿ ಕಾಯೋದಿಲ್ಲ. ಇದರಿಂದ ಕೀಲು ಹೊಸದಾಗುತದ ಅಂತ ನಾ ಹೇಳೋದಿಲ್ಲ, ತೂಕ ಇಳಿಯಿತು ಅಷ್ಟೇ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜಿಗೆ ಮೊಣಕಾಲ ಮ್ಯಾಲಿನ ಭಾರ ನಾಲ್ಕು ಕಿಲೋ ಇಳಿಯುತದಂತ. ವರ್ಷದಾಗ ನಾ ಎಂಟು ಕಿಲೋ ಇಳಿದೆ, ಅಂದರೆ ಹೆಜ್ಜಿಗೆ ಎರಡು ತುಂಬಿದ ಕೊಡ ಕೆಳಗಿಟ್ಟಂಗ. ಅದರ ಜೋಡಿ ಖುರ್ಚಿ ಮ್ಯಾಲೆ ಕುಂತು ಕಾಲು ನೆಟ್ಟಗ ಎತ್ತಿ ಹತ್ತು ಎಣಿಸೋ ತನಕ ಹಿಡಿಯೋದು, ತೊಡೆ ಗಟ್ಟಿ ಆದರೆ ಕೀಲಿಗೆ ಆಸರೆ. ಎಣಿಸೋದು ಬ್ಯಾಸರ ಬಂದು ನಾನು ಡೊಳ್ಳಿನ ತಾಳ ಹಾಕತೀನಿ, ಆಕಿ ಎದುರಿಗೆ ಕುಂತು ಅದೇ ತಾಳಕ್ಕ ಕಾಲು ಎತ್ತತಾಳ.

ಆಕಿಗೆ ಕೀಲು ಬದಲಿ ಮಾಡಿಸಬೇಕಾಗಬಹುದು ಅಂತ ಡಾಕ್ಟರರು ಹೇಳಿದಾರ. ಅದಕ್ಕೆ ಒಂದು ಎಕರೆ ದಾಳಿಂಬಿಯ ಹಣ ಬ್ಯಾರೆ ತೆಗೆದು ಇಟ್ಟೀನಿ. ಹೋದ ಛಟ್ಟಿ ಅಮಾಸಿಗೆ ಗುಡ್ಡಾಪುರದ ದಾನಮ್ಮನ ಜಾತ್ರಿಗೆ, ಹರೇದಾಗ ನಡಕೋತ ಹೋಗತಿದ್ದ ನಾವು, ಬಸ್ಸಿಗೆ ಹೋದಿವಿ. ಗುಡಿ ಮೂರು ಫರ್ಲಾಂಗ ಇರೂತನಕ ಇಳಿಯಬ್ಯಾಡ ಅಂತ ನಾ ಅಂದೆ. ಆಕಿ ಕೇಳಲಿಲ್ಲ, ಮೊದಲಿನ ಫಾಟಿಗೇ ಇಳಿದು ಬಡಿಗಿ ಊರಿಕೊಂಡು ಮುಂದೆ ಮುಂದೆ ನಡೆದಳು. ನಾ ಹಿಂದಿನಿಂದ ಚೀಲ ಹಿಡಕೊಂಡು ಹೋದೆ.