ಅಕ್ಷರಗಳನ್ನು ಹೊರಗಿಟ್ಟ ವಿಶ್ವಕಪ್

ಪದಬಂಧವನ್ನು ಅನುವಾದ ಮಾಡೋಕೆ ಯಾರಾದರೂ ಪ್ರಯತ್ನಪಟ್ಟಿದ್ದೀರಾ? ಬೇಡ, ಸುಮ್ಮನೆ ತಲೆನೋವು. ಕತೆ ಅನುವಾದ ಆಗುತ್ತೆ, ಕವಿತೆ ಕೂಡ ಕುಂಟುತ್ತಾ ಕುಂಟುತ್ತಾ ಹೇಗೋ ದಾಟಿ ಬರುತ್ತೆ. ಪದಬಂಧ ಮಾತ್ರ ಹುಟ್ಟಿದ ಭಾಷೆಯನ್ನು ಬಿಟ್ಟು ಒಂದು ಹೆಜ್ಜೆ ಆಚೆ ಇಡಲ್ಲ. ಇಂಗ್ಲಿಷಿನವರ ಒಂದು ಮನೆಯಲ್ಲಿ ಕೂರಬಹುದಾದ ಅಕ್ಷರ ಇಪ್ಪತ್ತಾರೇ. ನಮ್ಮ ಒಂದು ಮನೆಯಲ್ಲಿ ಕಾಗುಣಿತ, ಒತ್ತಕ್ಷರ, ಸೊನ್ನೆ ಎಲ್ಲಾ ಲೆಕ್ಕ ಹಾಕಿದರೆ ನೂರಾರು. 'ಸ್ವಾತಂತ್ರ್ಯ' ಅಂತ ಬರೆಯೋಕೆ ಮೂರೇ ಮನೆ ಸಾಕು. ಆದರೆ ಆ ಮೂರನೇ ಮನೆಯ 'ತ್ರ್ಯ'ದಿಂದ ಕೆಳಕ್ಕೆ ಇಳಿಯುವ ಇನ್ನೊಂದು ಪದ ಹುಡುಕಿ ನೋಡೋಣ! ತ್ರ್ಯಂಬಕ ಅಂದಿರಾ? ಅದು 'ತ್ರ್ಯಂ', ಸೊನ್ನೆ ಇದೆ, ನಡೆಯಲ್ಲ :-) ನಿಘಂಟು ಹಿಡಿದು ಕೂತರೆ 'ತ್ರ್ಯಕ್ಷ' ಸಿಗಬಹುದು, ಆದರೆ ಬೆಳಗ್ಗೆ ಕಾಫಿ ಕುಡಿಯುತ್ತಾ ಪದಬಂಧ ತುಂಬಿಸುವವರು ಬೈದುಕೊಳ್ಳುತ್ತಾರೆ. ನಮ್ಮ ಪದಬಂಧಗಳಲ್ಲಿ ಕಪ್ಪು ಮನೆಗಳು ಅಷ್ಟು ಜಾಸ್ತಿ ಇರೋದಕ್ಕೆ ಇದೂ ಒಂದು ಕಾರಣ.

ಈಗ ಯೋಚನೆ ಮಾಡಿ. ಹತ್ತಾರು ದೇಶದವರನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಂದೇ ಪ್ರಶ್ನೆಪತ್ರಿಕೆ ಕೊಟ್ಟು, "ಯಾರು ಬೇಗ ಬಿಡಿಸುತ್ತೀರೋ ಅವರು ಗೆದ್ದಂತೆ" ಅನ್ನಬೇಕು. ಯಾವ ಭಾಷೆಯಲ್ಲಿ ಕೊಡ್ತೀರಿ?

ಈ ಪ್ರಶ್ನೆಗೆ ಉತ್ತರ ಕೊಟ್ಟವನು ವಿಲ್ ಶಾರ್ಟ್ಜ್ ಎಂಬ ಅಮೆರಿಕದವನು. ತಮಾಷೆ ಅಂದರೆ, ಈತ ಅಪ್ಪಟ ಪದಬಂಧದ ಮನುಷ್ಯ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 'ಎನಿಗ್ಮಟಾಲಜಿ' ಅಂತ ಒಂದು ವಿಷಯವನ್ನು ತಾನೇ ಕಟ್ಟಿಕೊಂಡು, ಅಂದರೆ ಒಗಟುಶಾಸ್ತ್ರ ಅನ್ನಿ, ಅದರಲ್ಲೇ 1974ರಲ್ಲಿ ಪದವಿ ಪಡೆದವನು. (ಮನೆಯಲ್ಲಿ ಏನು ಹೇಳಿ ಒಪ್ಪಿಸಿದನೋ!) 1978ರಲ್ಲಿ ಅಮೆರಿಕದ ಪದಬಂಧ ಪಂದ್ಯಾವಳಿ ಶುರು ಮಾಡಿದ. 1993ರಿಂದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪದಬಂಧದ ಸಂಪಾದಕ. ಅದಕ್ಕೆ ಒಂದು ವರ್ಷ ಮುಂಚೆ, 1992ರಲ್ಲಿ, ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ಪಜಲ್ ಚಾಂಪಿಯನ್‌ಶಿಪ್ ನಡೆಸಿದ. ಅಲ್ಲಿ ಅವನು ಮಾಡಿದ ತೀರ್ಮಾನ ಏನಪ್ಪಾ ಅಂದರೆ, ಭಾಷೆ ಬೇಕಾಗುವ ಪಜಲ್ಲೇ ಬೇಡ. ಜೀವಮಾನವಿಡೀ ಅಕ್ಷರದಲ್ಲಿ ಆಡಿದವನು ಅಕ್ಷರವನ್ನು ಬಾಗಿಲ ಹೊರಗೆ ನಿಲ್ಲಿಸಿದ.

ಇದು ಚಿಕ್ಕ ತೀರ್ಮಾನ ಅಲ್ಲ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಮೊದಲ ಕ್ರಾಸ್‌ವರ್ಡ್ ಪ್ರಕಟಿಸಿದ ಮೇಲೆ ಅಮೆರಿಕ, ಇಂಗ್ಲೆಂಡಿನಲ್ಲಿ ಪಜಲ್ ಅಂದರೆ ಪದಬಂಧ ಅನ್ನುವಷ್ಟು ಅದರ ದರ್ಬಾರು. ಪದವನ್ನು ತೆಗೆದುಬಿಟ್ಟರೆ ಉಳಿಯೋದೇನು? ಚೌಕ, ಗೆರೆ, ಚುಕ್ಕೆ, ಅಂಕಿ. ಇಷ್ಟರಲ್ಲೇ ಆಟ ಹೂಡಬೇಕು.

ಆದರೆ ಆ ಮೊದಲ ವರ್ಷವೇ ಒಂದು ಸೊಗಸು ನಡೆಯಿತು. ನಾವೆಲ್ಲ ಸ್ಕೂಲಿನಲ್ಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಇಬ್ಬರು ಕೂತು 'ಹಡಗು ಮುಳುಗಿಸೋ' ಆಟ ಆಡುತ್ತಿದ್ದೆವಲ್ಲ, ಅದನ್ನು ಒಬ್ಬನೇ ಕೂತು ತರ್ಕದಿಂದ ಬಿಡಿಸುವ ಪಜಲ್ ಆಗಿ ಮಾಡಿದವನು ಅರ್ಜೆಂಟೀನಾದ ಹೈಮೆ ಪೊನಿಯಾಚಿಕ್. 1982ರಲ್ಲಿ ಅಲ್ಲಿನ 'ಹ್ಯೂಮರ್ ಇ ಹ್ವೇಗೋಸ್' ಪತ್ರಿಕೆಯಲ್ಲಿ ಬಂತು. ಪ್ರತಿ ಸಾಲಿನ ಪಕ್ಕ ಒಂದು ಅಂಕಿ, ಆ ಸಾಲಿನಲ್ಲಿ ಹಡಗಿನ ತುಂಡುಗಳೆಷ್ಟು ಅಂತ. ಹಡಗುಗಳು ಒಂದಕ್ಕೊಂದು ತಾಕಬಾರದು, ಮೂಲೆಯಲ್ಲೂ. ಅಷ್ಟೇ ನಿಯಮ. ಹತ್ತು ವರ್ಷ ಇದು ಅರ್ಜೆಂಟೀನಾದ ಆಚೆ ಹೆಚ್ಚು ಜನಕ್ಕೆ ಗೊತ್ತೇ ಇರಲಿಲ್ಲ. ನ್ಯೂಯಾರ್ಕಿನ 1992ರ ಸ್ಪರ್ಧೆಯಲ್ಲಿ ಕಾಣಿಸಿಕೊಂಡ ಮೇಲೆ ಜಗತ್ತೆಲ್ಲ ಸುತ್ತಿತು. ತಂಡಗಳ ಪೈಕಿ ಆ ವರ್ಷ ಗೆದ್ದವರು ಯಾರು ಗೊತ್ತಾ? ಅರ್ಜೆಂಟೀನಾದವರೇ! ಸ್ಪ್ಯಾನಿಷ್ ಭಾಷೆಯ ಪದಬಂಧ ತಂದಿದ್ದರೆ ಅದು ಅವರ ಬ್ಯಾಗಿನಲ್ಲೇ ಉಳಿಯುತ್ತಿತ್ತು.

ಮುಂದಿನ ವರ್ಷ ಬರ್ನೋ, ಆಮೇಲೆ ಕಲೋನ್, ರುಮೇನಿಯಾದ ಬ್ರಶೋವ್, ಉಟ್ರೆಕ್ಟ್, ಕ್ರೊಯೇಷಿಯಾದ ಕೊಪ್ರಿವ್ನಿತ್ಸಾ, ಇಸ್ತಾಂಬುಲ್... ಊರುಗಳ ಪಟ್ಟಿ ನೋಡಿದರೆ ಒಂದು ವಿಷಯ ಹೊಳೆಯುತ್ತೆ. ಇಂಗ್ಲಿಷ್ ಮನೆಮಾತಲ್ಲದ ಊರುಗಳೇ ಹೆಚ್ಚು. ಅಕ್ಷರ ತೆಗೆದಿದ್ದಕ್ಕೆ ಸಿಕ್ಕ ಲಾಭ ಇದು. ಹಂಗೆರಿಯವನೂ ಜಪಾನಿನವನೂ ಅಮೆರಿಕದವನಷ್ಟೇ ಹಕ್ಕಿನಿಂದ ಬಂದು ಕೂರಬಹುದಾಯಿತು. 1999ರಲ್ಲಿ ದೇಶದೇಶಗಳ ಸಂಘಗಳೆಲ್ಲ ಸೇರಿ ವಿಶ್ವ ಪಜಲ್ ಒಕ್ಕೂಟ ಆಯಿತು. ಅಮೆರಿಕದ ವೇ-ಹ್ವಾ ಹುವಾಂಗ್ ತೊಂಬತ್ತರ ದಶಕದಲ್ಲೇ ನಾಲ್ಕು ಸಲ ಗೆದ್ದ, 2000ದಿಂದ ಜರ್ಮನಿಯ ಉಲ್ರಿಚ್ ಫೋಯ್ಟ್ ಕಾಲ. ಅವನು ಎಷ್ಟು ಸಲ ಗೆದ್ದ ಅಂತ ಎಣಿಸೋದೇ ಒಂದು ಪಜಲ್.

ಸ್ಪರ್ಧೆ ಹೇಗಿರುತ್ತೆ ಅಂದರೆ, ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆ ಇದ್ದ ಹಾಗೆ. ಒಂದು ದೇಶದ ಅಧಿಕೃತ ತಂಡದಲ್ಲಿ ನಾಲ್ಕು ಜನ. ದೊಡ್ಡ ಹಾಲ್, ಸಾಲು ಸಾಲು ಮೇಜು, ಪೆನ್ಸಿಲ್ಲು, ರಬ್ಬರ್. ಒಂದೊಂದು ಸುತ್ತಿಗೂ ಒಂದೊಂದು ಪುಸ್ತಿಕೆ, ಗಡಿಯಾರ ಓಡುತ್ತಿರುತ್ತೆ. ಪಜಲ್ಲಿಗೆ ತಕ್ಕ ಅಂಕ. ಯಾವುದು ಸುಲಭಕ್ಕೆ ಬಗ್ಗುತ್ತೆ, ಯಾವುದರಲ್ಲಿ ಸಿಕ್ಕಿಹಾಕಿಕೊಂಡರೆ ಗತಿ ಇಲ್ಲ ಅನ್ನೋದನ್ನು ಅಂದಾಜು ಮಾಡೋದೇ ಅರ್ಧ ಗೆಲುವು. ಕೆಲವು ಸುತ್ತು ತಂಡದ ನಾಲ್ಕೂ ಜನ ಸೇರಿ ಬಿಡಿಸೋದು. ಒಬ್ಬನ ಉತ್ತರ ಇನ್ನೊಬ್ಬನ ಪಜಲ್ಲಿಗೆ ಸುಳಿವು, ಹಾಗಾಗಿ ಒಬ್ಬ ಎಡವಿದರೆ ನಾಲ್ವರೂ ಮುಗ್ಗರಿಸುತ್ತಾರೆ.

ಅಕ್ಷರ ಪೂರ್ತಿ ಹೋಯಿತಾ? ಇಲ್ಲ ಅನ್ನೋದೇ ನನ್ನ ತಕರಾರು. ನಿಯಮಗಳ ಪುಸ್ತಿಕೆ ಇಂಗ್ಲಿಷಿನಲ್ಲೇ ಇರುತ್ತೆ. ಎಲ್ಲರೂ ಓದಿ ಅರ್ಥ ಮಾಡಿಕೊಳ್ಳಲಿ, ಬೇಕಾದರೆ ತಮ್ಮ ಭಾಷೆಗೆ ಮಾಡಿಕೊಳ್ಳಲಿ ಅಂತ ಅದನ್ನು ಸ್ಪರ್ಧೆಗೆ ಮೊದಲೇ ಹಂಚುತ್ತಾರೆ, ನಿಜ. ಆದರೂ ಇಂಗ್ಲಿಷ್ ಬಲ್ಲವನು ಒಂದು ಸಲ ಓದುವುದನ್ನು ಇನ್ನೊಬ್ಬ ನಾಲ್ಕು ಸಲ ಓದಬೇಕು. ಇನ್ನು ಕೆಲವು ಪಜಲ್‌ಗಳಲ್ಲಿ ಎ, ಬಿ, ಸಿ ಬರುತ್ತೆ. ಅಲ್ಲಿ ಅವು ಬರೀ ಗುರುತು, ಅ ಆ ಇ ಇಟ್ಟರೂ ಆಟ ಬದಲಾಗಲ್ಲ. ಯಾರೂ ಇಡಲ್ಲ ಅಷ್ಟೇ.

ಪದ ಹೋದ ಜಾಗಕ್ಕೆ ಇಷ್ಟೊಂದು ಹೊಸ ಪಜಲ್ ಎಲ್ಲಿಂದ ಬಂತು ಅಂದರೆ, ಬಹುಪಾಲು ಜಪಾನಿನಿಂದ. ಅಲ್ಲಿ 1980ರಲ್ಲಿ ಮಾಕಿ ಕಾಜಿ ಮತ್ತು ಗೆಳೆಯರು ನಿಕೋಲಿ ಎಂಬ ಪಜಲ್ ಪತ್ರಿಕೆ ಶುರು ಮಾಡಿದರು. ಹೆಸರು ಒಂದು ರೇಸ್ ಕುದುರೆಯದ್ದು, ಕಾಜಿಗೆ ರೇಸಿನ ಹುಚ್ಚು. ನಿಕೋಲಿಯ ವಿಶೇಷ ಅಂದರೆ ಓದುಗರೇ ಹೊಸ ಹೊಸ ಪಜಲ್ ಕಂಡುಹಿಡಿದು ಕಳಿಸೋದು, ಮಿಕ್ಕ ಓದುಗರು ಅದನ್ನು ತಿದ್ದಿ ಬೆಳೆಸೋದು. ಚುಕ್ಕೆಗಳ ನಡುವೆ ಗೆರೆ ಎಳೆದು ಒಂದೇ ಒಂದು ಬಳೆ ಮಾಡುವ 'ಸ್ಲಿದರ್‌ಲಿಂಕ್' 1989ರಲ್ಲಿ ಹುಟ್ಟಿದ್ದು ಇಬ್ಬರು ಬೇರೆ ಬೇರೆ ಓದುಗರು ಕಳಿಸಿದ ಯೋಚನೆಗಳನ್ನು ಕೂಡಿಸಿದಾಗ. ರಂಗೋಲಿ ಹಾಕುವವರಿಗೆ ಹಿಡಿಸುತ್ತೆ, ಒಮ್ಮೆ ನೋಡಿ.

ಸುಡೊಕು ಕೂಡ ಇದೇ ನಿಕೋಲಿಯ ಬಾಗಿಲಿಂದ ಬಂತು. 1984ರಲ್ಲಿ ಇವರ ಪತ್ರಿಕೆಯಲ್ಲಿ ಬಂದಾಗ ಅದಕ್ಕೆ ಮಾರುದ್ದದ ಹೆಸರಿತ್ತು, 'ಅಂಕಿಗಳು ಬ್ರಹ್ಮಚಾರಿಗಳಾಗಿಯೇ ಇರಬೇಕು' ಎಂಬ ಅರ್ಥದ್ದು. ಆಮೇಲೆ ಕತ್ತರಿಸಿ ಸುಡೊಕು ಮಾಡಿದರು. ಆದರೆ ಬೀಜ ಜಪಾನಿನದ್ದಲ್ಲ. 1979ರಲ್ಲೇ ಅಮೆರಿಕದ ಡೆಲ್ ಪಜಲ್ ಪತ್ರಿಕೆಯಲ್ಲಿ 'ನಂಬರ್ ಪ್ಲೇಸ್' ಅಂತ ಬಂದಿತ್ತು. ಅಲ್ಲಿಂದ ಜಪಾನಿಗೆ ಹೋಗಿ ಹೆಸರು ಬದಲಿಸಿಕೊಂಡಿತು. 1997ರಲ್ಲಿ ನ್ಯೂಜಿಲೆಂಡ್ ಮೂಲದ ವೇನ್ ಗೌಲ್ಡ್, ಹಾಂಗ್‌ಕಾಂಗಿನಲ್ಲಿ ಜಡ್ಜ್ ಆಗಿದ್ದವರು, ಟೋಕಿಯೋದ ಪುಸ್ತಕದಂಗಡಿಯಲ್ಲಿ ನೋಡಿ ಮರುಳಾದರು. ಆರು ವರ್ಷ ಕೂತು ಸುಡೊಕು ತಯಾರಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆದರು. 2004ರ ನವೆಂಬರ್ 12ರಂದು ಲಂಡನ್ನಿನ ಟೈಮ್ಸ್ ಪ್ರಕಟಿಸಿತು. ಗೌಲ್ಡ್ ಪತ್ರಿಕೆಗಳಿಗೆ ಪುಕ್ಕಟೆಯಾಗಿ ಕೊಟ್ಟರು, ತನ್ನ ಪ್ರೋಗ್ರಾಂ ಹೆಸರು ಹಾಕಿದರೆ ಸಾಕು ಅಂತ. ಮುಂದಿನದು ನಿಮಗೆ ಗೊತ್ತು. ನಮ್ಮ ಪತ್ರಿಕೆಗಳಲ್ಲೂ ಪದಬಂಧದ ಪಕ್ಕ ಬಂದು ಕೂತುಬಿಟ್ಟಿತು.

ಸುಡೊಕುವಿಗೇ ಬೇರೆ ವಿಶ್ವ ಚಾಂಪಿಯನ್‌ಶಿಪ್ 2006ರಲ್ಲಿ ಇಟಲಿಯ ಲುಕ್ಕಾದಲ್ಲಿ ಶುರುವಾಯಿತು. ಗೆದ್ದವಳು ಯಾನಾ ಟಿಲೋವಾ, ಜೆಕ್ ದೇಶದ ಅಕೌಂಟೆಂಟ್. ಎರಡನೇ ಸ್ಥಾನಕ್ಕೆ ನಿಂತ ಅಮೆರಿಕದ ಥಾಮಸ್ ಸ್ನೈಡರ್ ಮುಂದಿನ ವರ್ಷ ಪ್ರಾಗ್‌ನಲ್ಲಿ ಗೆದ್ದ. 2008ರಲ್ಲಿ ಅದು ನಮ್ಮ ಪಕ್ಕದ ಗೋವಾಕ್ಕೇ ಬಂದಾಗ ಮತ್ತೆ ಅವನೇ ಗೆದ್ದ. 2011ರಲ್ಲಿ ಹಂಗೆರಿಯ ಎಗರ್‌ನಲ್ಲಿ ಸುಡೊಕು ಮತ್ತು ಪಜಲ್ ಎರಡೂ ಸ್ಪರ್ಧೆಗಳನ್ನು ಒಟ್ಟಿಗೆ ನಡೆಸಿದರು. ಹಾಗೆ ಜೋಡಿಯಾಗಿ 2017ರ ಅಕ್ಟೋಬರಿನಲ್ಲಿ ಎಲ್ಲಿಗೆ ಬಂತು ಗೊತ್ತಾ? ನಮ್ಮ ಬೆಂಗಳೂರಿಗೆ! 26ನೆಯ ಪಜಲ್ ಚಾಂಪಿಯನ್‌ಶಿಪ್, 12ನೆಯ ಸುಡೊಕು ಚಾಂಪಿಯನ್‌ಶಿಪ್. ನಡೆಸಿದವರು ಲಾಜಿಕ್ ಮಾಸ್ಟರ್ಸ್ ಇಂಡಿಯಾ, ಅಂದರೆ ಭಾರತದ ತಂಡಗಳನ್ನು ಆರಿಸಿ ಕಳಿಸುವ ಉತ್ಸಾಹಿಗಳ ಸಂಘ. ರೋಹನ್ ರಾವ್, ಪ್ರಸನ್ನ ಶೇಷಾದ್ರಿ ಈ ಬಳಗದ ಹೆಸರಾಂತ ಆಟಗಾರರು. ಪ್ರಸನ್ನ ಅವರಂತೂ ಬಿಡಿಸುವುದಕ್ಕೆ ಎಷ್ಟೋ ರಚಿಸುವುದಕ್ಕೂ ಅಷ್ಟೇ ಪ್ರಸಿದ್ಧರು. ಕ್ರಿಕೆಟ್ ಟೀಮಿನ ಹನ್ನೆರಡನೇ ಆಟಗಾರ ಯಾರು ಅಂತಲೂ ನೆನಪಿಟ್ಟುಕೊಳ್ಳುವ ನಮ್ಮಲ್ಲಿ ಎಷ್ಟು ಜನಕ್ಕೆ ಈ ವಿಶ್ವಕಪ್ ನಮ್ಮೂರಲ್ಲಿ ನಡೆದದ್ದು ಗೊತ್ತಾಯಿತು? ಕೇಳಿದವರೆಲ್ಲ "ಹೌದಾ? ಯಾವಾಗ?" ಅಂದರು.

ಇನ್ನೊಂದು ವಿಷಯ ಹೇಳಲೇಬೇಕು. ನನಗೆ ಈ ಇಡೀ ಕತೆಯಲ್ಲಿ ಹೆಚ್ಚು ಕಾಡಿದ್ದು ಅದು.

ಪದಬಂಧದಲ್ಲಿ ರಚಿಸಿದವನ ದನಿ ಕೇಳಿಸುತ್ತೆ. ಸುಳಿವು ಕೊಡುವ ಧಾಟಿಯಲ್ಲೇ ಇದು ಇಂಥವರದ್ದು ಅಂತ ಗುರುತು ಹಿಡಿಯಬಹುದು. ಅಕ್ಷರ ತೆಗೆದಾಗ ಆ ದನಿಯೂ ಹೋಯಿತಾ? ಅಂಕಿಯ ಚೌಕ ನೋಡಿದರೆ ಮನುಷ್ಯ ಮಾಡಿದ್ದೋ ಯಂತ್ರ ಮಾಡಿದ್ದೋ ಮೇಲ್ನೋಟಕ್ಕೆ ಗೊತ್ತಾಗಲ್ಲ. ಗೌಲ್ಡ್ ಅವರ ಪ್ರೋಗ್ರಾಂ ಬಂದ ಮೇಲೆ ಪತ್ರಿಕೆಗಳಿಗೆ ದಿನಕ್ಕೊಂದು ಸುಡೊಕು ಒದಗಿಸೋದು ಕಂಪ್ಯೂಟರಿಗೆ ಚಿಟಿಕೆ ಹೊಡೆದಷ್ಟು ಸುಲಭ ಆಯಿತು. ಈ ಬಳಗದವರಿಗೆ ಅದು ಸರಿಬರಲಿಲ್ಲ. ನಿಕೋಲಿ ಕೈಯಿಂದಲೇ ರಚಿಸಿದ್ದು ಬೇಕು ಅಂತ ಹಟ ಹಿಡಿಯಿತು. ಸ್ನೈಡರ್ ಕೈಯಿಂದ ರಚಿಸಿದ ಪಜಲ್‌ಗಳಿಗೇ ಒಂದು ಪ್ರಕಾಶನ ಕಟ್ಟಿದ, ರಚಿಸಿದವರ ಹೆಸರು ಹಾಕಿ. ಯಂತ್ರದ್ದು ಸುಮ್ಮನೆ ಒಂದು ಉತ್ತರ ಇರುವ ಚೌಕ. ಕೈಯದ್ದು, ಬಿಡಿಸುವವನನ್ನು ಒಂದು ದಾರಿಯಲ್ಲಿ ಕರೆದುಕೊಂಡು ಹೋಗಿ, ಇಲ್ಲಿ ಸ್ವಲ್ಪ ನಿಲ್ಲು, ಈಗ ಆ ಮೂಲೆ ನೋಡು ಅನ್ನುತ್ತೆ. ಟರ್ಕಿಯ ಸೆರ್ಕಾನ್ ಯೂರೆಕ್ಲಿ 'ಟಾಪಾ' ಅಂತ ಒಂದು ಪಜಲ್ ಹುಟ್ಟಿಸಿದ. ಈ ವಲಯದಲ್ಲಿ ಟಾಪಾ ಅಂದರೆ ಅವನ ಹೆಸರು ಜೊತೆಗೇ ಬರುತ್ತೆ.

ಸುಡೊಕುವಿಗೆ ಆ ಭಾಗ್ಯ ಇರಲಿಲ್ಲ. ಜಗತ್ತೆಲ್ಲ ಆಡುತ್ತಿದ್ದ ಕಾಲಕ್ಕೂ ಅದನ್ನು ಹುಟ್ಟಿಸಿದವರು ಯಾರು ಅಂತ ಯಾರಿಗೂ ಖಚಿತ ಇರಲಿಲ್ಲ. ಡೆಲ್ ಪತ್ರಿಕೆಯಲ್ಲಿ ನಂಬರ್ ಪ್ಲೇಸ್ ಪಕ್ಕ ಹೆಸರು ಹಾಕಿರಲಿಲ್ಲ. ಕೊನೆಗೆ ಅದನ್ನು ಪತ್ತೆ ಮಾಡಿದವನು ಮತ್ತೆ ಅದೇ ವಿಲ್ ಶಾರ್ಟ್ಜ್. ಹಳೆಯ ಸಂಚಿಕೆಗಳನ್ನೆಲ್ಲ ಮುಂದಿಟ್ಟುಕೊಂಡು ಕೂತ. ಆ ಸಂಚಿಕೆಗೆ ಪಜಲ್ ಕಳಿಸಿದವರ ಹೆಸರುಗಳು ಮುಂದೆ ಒಂದು ಕಡೆ ಪಟ್ಟಿಯಾಗಿ ಇರುತ್ತಿದ್ದವು, ಯಾವುದು ಯಾರದ್ದು ಅಂತ ಮಾತ್ರ ಇರುತ್ತಿರಲಿಲ್ಲ. ನಂಬರ್ ಪ್ಲೇಸ್ ಇದ್ದ ಸಂಚಿಕೆಯಲ್ಲೆಲ್ಲ ಪಟ್ಟಿಯಲ್ಲಿ ಒಂದು ಹೆಸರು ಇತ್ತು. ನಂಬರ್ ಪ್ಲೇಸ್ ಇಲ್ಲದ ಸಂಚಿಕೆಯಲ್ಲಿ ಆ ಹೆಸರು ಇರಲಿಲ್ಲ. ಸುಡೊಕುವನ್ನು ಬಿಡಿಸಿದ ಹಾಗೇ, ಇಲ್ಲಿ ಇರಲಾರದು, ಇಲ್ಲೂ ಇರಲಾರದು, ಹಾಗಾದರೆ ಇಲ್ಲೇ ಇರಬೇಕು.

ಹವರ್ಡ್ ಗಾರ್ನ್ಸ್. ಇಂಡಿಯಾನಾ ರಾಜ್ಯದ ನಿವೃತ್ತ ಆರ್ಕಿಟೆಕ್ಟ್. ಪಜಲ್ ಅಚ್ಚಾದಾಗ ವಯಸ್ಸು ಎಪ್ಪತ್ತು ದಾಟಿತ್ತು. 1989ರಲ್ಲಿ ತೀರಿಕೊಂಡರು, ಟೈಮ್ಸ್ ಪತ್ರಿಕೆ ತೆರೆಯುವುದಕ್ಕೆ ಹದಿನೈದು ವರ್ಷ ಮುಂಚೆ. ಅವರಿಗೆ ಸುಡೊಕು ಅನ್ನೋ ಪದವೂ ಗೊತ್ತಿದ್ದಿರಲಾರದು.

ಇದನ್ನು ಓದಿದ ಮೇಲೆ ನಮ್ಮ ಕನ್ನಡ ಪತ್ರಿಕೆಗಳ ಪದಬಂಧಗಳನ್ನು ರಚಿಸಿದವರ ಬಗ್ಗೆ ಯೋಚನೆ ಬಂತು. 'ತ್ರ್ಯ'ದಂಥ ಮನೆಗಳ ಜೊತೆ ಗುದ್ದಾಡಿ, ವಾರ ವಾರ, ವರ್ಷಗಟ್ಟಲೆ ಕೂತು ಮಾಡಿದವರು. ಹಳೆಯ ಸಂಚಿಕೆ ಇಟ್ಟುಕೊಂಡವರು ಯಾರಾದರೂ ಇದ್ದರೆ, ಪದಬಂಧದ ಕೆಳಗೆ ಸಣ್ಣಕ್ಷರದಲ್ಲಿ ಹೆಸರಿದೆಯಾ ನೋಡಿ. ಇದ್ದರೆ ದಯವಿಟ್ಟು ಬರೆದು ತಿಳಿಸಿ, ನಾನೂ ಹುಡುಕುತ್ತಿದ್ದೇನೆ.